ಸಖಿ ಎಂಬ ಸಂಬಂಧ

ಸ್ತ್ರೀಪುರುಷರ ನಡುವಣ ಸ್ನೇಹವನ್ನು ಕಂಡೊಡನೆ ಲೋಕವು ಎರಡೇ ಹೆಸರುಗಳನ್ನು ಹುಡುಕುತ್ತದೆ: ಒಂದು ಪ್ರಣಯ, ಇನ್ನೊಂದು ಅಣ್ಣತಂಗಿಯರ ನಂಟು. ವ್ಯಾಸಭಾರತವು ಮೂರನೆಯದೊಂದನ್ನು ಬಲ್ಲದು. ಅದೇ ಕೃಷ್ಣ-ದ್ರೌಪದಿಯರ ಸಖ್ಯ.

ದ್ಯೂತ ನಡೆದಾಗ ಕೃಷ್ಣನು ಸಾಲ್ವನೊಡನೆ ಯುದ್ಧದಲ್ಲಿ ತೊಡಗಿದ್ದನು. ಪಾಂಡವರು ಕಾಡು ಸೇರಿದ ಮೇಲೆ ಅವರನ್ನು ಕಾಣಲು ಬಂದನೆಂದು ವನಪರ್ವ ಹೇಳುತ್ತದೆ. ಆಗ ದ್ರೌಪದಿಯು, ಪಾಂಡವರ ಪತ್ನಿಯೂ ಕೃಷ್ಣನ ಸಖಿಯೂ ಧೃಷ್ಟದ್ಯುಮ್ನನ ಸೋದರಿಯೂ ಆದ ತನ್ನನ್ನು ಸಭೆಗೆ ಎಳೆದು ತರಬಹುದೇ ಎಂದು ಕೇಳುತ್ತಾಳೆ. ಮೂರು ಸಂಬಂಧಗಳಿಗೆ ಮೂರು ಮಾತು. ಸೋದರಿ ಎಂಬ ಪದ ನಾಲಗೆಯ ಮೇಲಿದ್ದರೂ ಕೃಷ್ಣನ ವಿಷಯದಲ್ಲಿ ಅವಳು ಅದನ್ನು ಬಳಸಲಿಲ್ಲವೆಂಬುದು ಗಮನಾರ್ಹ.

ಈ ಸಖ್ಯದ ಲಕ್ಷಣವೇನು? ನಿಷ್ಠುರವಾಗಿ ಆಡುವ ಸಲಿಗೆ. ತನಗೆ ಪತಿಗಳೂ ಸೋದರರೂ ಇಲ್ಲದಂತಾಯಿತೆಂದು ಅತ್ತು, ಅವಳು ಕೃಷ್ಣನನ್ನೂ ಅದೇ ಸಾಲಿಗೆ ಸೇರಿಸುತ್ತಾಳೆ. ಅವನು ಮುನಿಯುವುದಿಲ್ಲ, ಅವಳ ಶತ್ರುಗಳ ಮಡದಿಯರು ಅಳುವರೆಂದು ಮಾತು ಕೊಡುತ್ತಾನೆ. ಉದ್ಯೋಗಪರ್ವದಲ್ಲಿ ಅವನು ಸಂಧಿಗೆ ಹೊರಟಾಗಲೂ ಅವಳು ತನ್ನ ಮುಡಿಯನ್ನು ಕೈಯಲ್ಲಿ ಹಿಡಿದು, ಇದನ್ನು ಮರೆಯಬೇಡವೆಂದು ಎಚ್ಚರಿಸುತ್ತಾಳೆ.

ಒಂದೇ ತರಗತಿಯಲ್ಲಿ ಕುಳಿತು ಓದುವ ನಮಗೆ ಇದು ವಿಚಾರಾರ್ಹವಾದುದು. ಲೋಕ ಒಪ್ಪಲೆಂದು ಸಹಪಾಠಿಗಳು ಅಣ್ಣ, ತಂಗಿ ಎಂಬ ಹೆಸರನ್ನು ಎರವಲು ತರುವುದುಂಟು. ಅದರಲ್ಲಿ ವಾತ್ಸಲ್ಯವಿದೆ, ನಿಜ. ಆದರೆ ಅಣ್ಣನೆನಿಸಿದವನು ಕಾವಲುಗಾರನಾಗುತ್ತಾನೆ, ಒಮ್ಮೊಮ್ಮೆ ಒಡೆಯನೂ ಆಗುತ್ತಾನೆ. ಸಖಿಯಾದವಳು ಸಮಾನಳಾಗಿ ನಿಂತು ಪ್ರಶ್ನಿಸಬಲ್ಲಳು. ಸ್ನೇಹವು ತನ್ನ ಹೆಸರಿನಿಂದಲೇ ಮಾನ್ಯವಾಗುವ ಸಮಾಜವನ್ನು ಕಟ್ಟುವ ಹೊಣೆ ವಿದ್ಯಾವಂತರದು.