ಸೋರೆಕಾಯಿ ರಸ: ಕುಡಿಯುವ ಮುನ್ನ ರುಚಿ ನೋಡಿ

ಶರಣರು ಕಾಯವನ್ನು ಪ್ರಸಾದಕಾಯವೆಂದು ಭಾವಿಸಿದರು. ಆದುದರಿಂದ ಅದಕ್ಕೆ ಉಣಿಸುವುದನ್ನು ಅರಿತು ಉಣಿಸುವುದು ನಮ್ಮೆಲ್ಲರ ಹೊಣೆ.

ಹೊರಕೆರೆದೇವಪುರದಂತಹ ಊರುಗಳ ಹಿತ್ತಿಲಿನ ಸೋರೆಕಾಯಿಯ ರಸ ದೇಹಕ್ಕೆ ತಂಪೆಂದು ನಾವು ಸೇವಿಸುತ್ತೇವೆ. ಆದರೆ ಕೆಲವು ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷಾಂಶ ಹೆಚ್ಚಿರುತ್ತದೆ. ಕಣ್ಣಿಗೆ ಅದು ಕಾಣದು, ನಾಲಗೆಯೇ ಒರೆಗಲ್ಲು.

ಕಾಯಿಯನ್ನು ತೊಳೆದು, ಸಿಪ್ಪೆ ತೆಗೆದು, ಎರಡೂ ತುದಿಗಳ ಚೂರನ್ನು ಸವಿದು ನೋಡಬೇಕು. ಕಹಿಯಿದ್ದರೆ ಉಗುಳಿ, ಕಾಯಿಯನ್ನೇ ಎಸೆಯಬೇಕು. ಕಹಿಯೆಲ್ಲ ಔಷಧವೆಂಬ ನಂಬಿಕೆ ಇಲ್ಲಿ ಸಲ್ಲದು. ಜೇನು, ನಿಂಬೆ ಅಥವಾ ಬೇರೆ ರಸ ಬೆರೆಸಿದರೆ ಕಹಿ ಮರೆಯಾದೀತೇ ಹೊರತು ವಿಷ ಅಳಿಯದು. ಕಹಿಯಿಲ್ಲದ ಕಾಯಿಯ ರಸವನ್ನು ಆಗಲೇ ತೆಗೆದು, ಆಗಲೇ ಕುಡಿಯಬೇಕು.

ಕುಡಿದ ಬಳಿಕ ವಾಂತಿ, ಭೇದಿ, ಹೊಟ್ಟೆನೋವು ಕಾಣಿಸಿದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಧಾವಿಸಬೇಕು.