ಕಡಿತವಿಲ್ಲದ ನಿವೃತ್ತಿ ವಂತಿಗೆ: ತೆರಿಗೆ ನಿಯಮ (1961ರ ಆದಾಯ ತೆರಿಗೆ ಕಾಯ್ದೆ)

1. ಹಳೆ ಪದ್ಧತಿ: 80ಸಿ ಮಿತಿ ₹1.5 ಲಕ್ಷ. ಅದಕ್ಕೂ ಮೀರಿದ ಪಿಎಫ್ ವಂತಿಗೆಗೆ ಕಡಿತವಿಲ್ಲ.
2. ಹೊಸ ಪದ್ಧತಿ (115ಬಿಎಸಿ): ನೌಕರನ ವಂತಿಗೆಗೆ 80ಸಿ, 80ಸಿಸಿಡಿ(1ಬಿ) ಎರಡೂ ಇಲ್ಲ, ಮಾಲೀಕನ ಎನ್‌ಪಿಎಸ್ ವಂತಿಗೆಗೆ 80ಸಿಸಿಡಿ(2) ಉಂಟು.
3. 1-4-2021ರಿಂದ: ನೌಕರನ ವಾರ್ಷಿಕ ಪಿಎಫ್ ವಂತಿಗೆ ₹2.5 ಲಕ್ಷ ಮೀರಿದರೆ ಹೆಚ್ಚುವರಿ ಮೊತ್ತದ ಬಡ್ಡಿಗೆ ತೆರಿಗೆ.
4. ಮಾಲೀಕನ ವಂತಿಗೆ ಇಲ್ಲದಿದ್ದರೆ (ಉದಾ: ಜಿಪಿಎಫ್) ಮಿತಿ ₹5 ಲಕ್ಷ.
5. ನಿಯಮ 9ಡಿ: ತೆರಿಗೆಸಹಿತ, ತೆರಿಗೆರಹಿತ ಎಂದು ಎರಡು ಪ್ರತ್ಯೇಕ ಲೆಕ್ಕ.
6. ಕರ್ನಾಟಕ: 1-4-2006ರಿಂದ ಸೇರಿದ ರಾಜ್ಯ ನೌಕರರಿಗೆ ಎನ್‌ಪಿಎಸ್.

ಉದಾಹರಣೆ: ಗಂಗಾವತಿಯ ಖಾಸಗಿ ನೌಕರನ ಇಪಿಎಫ್ ವಂತಿಗೆ ₹3 ಲಕ್ಷ, ₹50,000ದ ಬಡ್ಡಿಗೆ ಮಾತ್ರ ತೆರಿಗೆ.

ಗೊಂದಲ ಬೇಡ: ₹1.5 ಲಕ್ಷ ಕಡಿತದ ಮಿತಿ, ₹2.5 ಲಕ್ಷ ಬಡ್ಡಿ ವಿನಾಯಿತಿಯ ಮಿತಿ. ತೆರಿಗೆ ಬಡ್ಡಿಗೆ, ಅಸಲಿಗಲ್ಲ.