ಆಯಿಯ ಠೇವಣಿ ಹೋದ ದಾರಿ

ಆಯಿ ಮನೆಯ ಜಮಾಖರ್ಚು ಬರೆಯುತ್ತಿದ್ದ ಪುಸ್ತಕದಲ್ಲಿ ಅವಳ ಅಕ್ಷರವಿರುವ ಕೊನೆಯ ಪುಟ 2022ರ ಸೆಪ್ಟೆಂಬರಿನದು. 'ಬಸ್ಸು, ಇಬ್ಬರದು, ಹೋಗಿ ಬಂದು 460. ಎಳನೀರು 80. ಔಷಧಿ 11,250. ಕೀಮೋ 14.' ಕೆಳಗೆ ಗೆರೆ ಎಳೆದಿದ್ದಾಳೆ, ಮೊತ್ತ ಹಾಕಿಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ಹದಿನೈದು ದಿನಕ್ಕೊಮ್ಮೆ ಹೋಗಿ ಬಂದು, ವಾಂತಿ ನಿಂತ ಮೇಲೆ ಎದ್ದು ಕುಳಿತು ಲೆಕ್ಕ ಬರೆಯುತ್ತಿದ್ದಳು. ನವೆಂಬರಿನಲ್ಲಿ ತೀರಿಕೊಂಡಳು.

ದೊಡ್ಡ ಕರುಳಿನ ಕ್ಯಾನ್ಸರು. ಮೊದಲ ಔಷಧಿಗೆ ಬಗ್ಗದೆ ಹೋದಾಗ ವೈದ್ಯರು ಬರೆದುಕೊಟ್ಟದ್ದು ಐರಿನೋಟೆಕಾನ್. ಆ ಔಷಧಿ ಅವಳಿಗೆ ಏಳೆಂಟು ತಿಂಗಳು ಕೊಟ್ಟಿತು. ಆ ಅವಧಿಯಲ್ಲೇ ಅವಳು ನನ್ನ ಮಗಳಿಗೆ ಗಡಿಗೆಯ ಬೆನ್ನ ಮೇಲೆ ತೊಡದೇವು ಎರೆಯುವುದನ್ನು ಕಲಿಸಿದಳು. ಅಪ್ಪನಿಗೆ ಅನ್ನಕ್ಕೆ ನೀರೆಷ್ಟು ಇಡಬೇಕೆಂದು ತೋರಿಸಿಕೊಟ್ಟಳು. ಏಳೆಂಟು ತಿಂಗಳು ಎಂದರೆ ನಮ್ಮ ಮನೆಯಲ್ಲಿ ಇಷ್ಟು.

ಆ ಔಷಧಿ ಎಲ್ಲಿಂದ ಬಂತು ಎಂದು ನಾನು ಓದಿದ್ದು ಅವಳು ಹೋದ ಮೇಲೆ. ಅದರ ಮೂಲದ್ರವ್ಯ ಕ್ಯಾಂಪ್ಟೋಥೆಸಿನ್. ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್ಬಾರಿನಲ್ಲಿ ಹುಟ್ಟಿದ ಮನಸುಖ ವಾಣಿ 1966ರಲ್ಲಿ ಚೀನಾದ ಮರವೊಂದರಿಂದ ಅದನ್ನು ಬೇರ್ಪಡಿಸಿದ್ದರು. ಅದೇ ದ್ರವ್ಯ ನಮ್ಮ ಪಶ್ಚಿಮಘಟ್ಟದ ದುರ್ವಾಸನೆ ಮರದಲ್ಲೂ ಧಾರಾಳವಾಗಿದೆ ಎಂದು ಮುಂದೆ ಗೊತ್ತಾಯಿತು. ಹೂ ಬಿಟ್ಟಾಗ ನಾವು ಮೂಗು ಮುಚ್ಚಿಕೊಂಡು ದಾಟಿಹೋಗುತ್ತಿದ್ದ ಆ ಮರ ನಮ್ಮ ಸೊಪ್ಪಿನಬೆಟ್ಟದ ಅಂಚಿನಲ್ಲೇ ಇದೆ. ಆಯಿ ಅದರ ಬುಡದಲ್ಲಿ ಎಷ್ಟು ವರ್ಷ ದರಕು ಗುಡಿಸಿದ್ದಳೋ.

ನನ್ನನ್ನು ಬಹಳ ಕಾಡಿದ್ದು ಆ ಮರಕ್ಕಿಂತ ಹೆಚ್ಚಾಗಿ ಆ ಔಷಧಿಗೆ ಹಿಡಿದ ಕಾಲ. 1970ರ ದಶಕದ ಆರಂಭದಲ್ಲಿ ರೋಗಿಗಳ ಮೇಲೆ ಪ್ರಯೋಗಿಸಿದಾಗ ಅಡ್ಡಪರಿಣಾಮ ತೀರಾ ಹೆಚ್ಚೆಂದು ಕೈಬಿಟ್ಟರು. ಅದು ಜೀವಕೋಶದೊಳಗೆ ಮಾಡುವ ಕೆಲಸ ಏನೆಂದು ತಿಳಿದದ್ದು 1985ರಲ್ಲಿ. ಜಪಾನಿನಲ್ಲಿ ಅದರ ರೂಪ ಬದಲಿಸಿ ಐರಿನೋಟೆಕಾನ್ ಮಾಡಿದರು. ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ಮೂವತ್ತು ವರ್ಷ. ಗಿಡಮರಗಳನ್ನು ಜಾಲಾಡಿ ಔಷಧಿ ಹುಡುಕುವ ಆ ಕೆಲಸಕ್ಕೆ ಮೊದಲು ದುಡ್ಡು ಹಾಕಿದ್ದು ಲಾಭದ ಲೆಕ್ಕವಿಲ್ಲದ ಸರಕಾರಿ ಸಂಸ್ಥೆ. ಯಾರದೋ ತೆರಿಗೆ ಹಣ ನಮ್ಮ ಆಯಿಯ ಏಳೆಂಟು ತಿಂಗಳಾಗಿ ಶಿರಸಿಗೆ ಬಂದಿತ್ತು. ನಾವೂ ಏನಾದರೂ ಕೊಡಬೇಕು ಅನ್ನಿಸಿದ್ದು ಆಗ.

ಆದರೆ ಅದಕ್ಕೂ ಮೊದಲೇ ಕೊಡುವುದರಲ್ಲಿ ನಾನು ಒಮ್ಮೆ ಎಡವಿದ್ದೆ. ಹದಿಮೂರು ದಿನದೊಳಗೇ, ಕಣ್ಣೀರು ಆರುವ ಮೊದಲೇ, ಮೊಬೈಲಿಗೆ ಬಂದ ಮನವಿಯೊಂದಕ್ಕೆ 20,000 ರೂಪಾಯಿ ಕಳಿಸಿಬಿಟ್ಟೆ. ಕೊನೆಯ ಹಂತದ ಕ್ಯಾನ್ಸರಿಗೆ ಆರು ತಿಂಗಳಲ್ಲಿ ಔಷಧಿ ಸಿದ್ಧ ಎಂದು ಅದರಲ್ಲಿತ್ತು. ರಸೀದಿ ಬರಲಿಲ್ಲ, ಆ ನಂಬರೂ ಸ್ತಬ್ಧವಾಯಿತು. ಮೂವತ್ತು ವರ್ಷದ ಕಥೆ ಓದಿದ್ದರೆ ಆರು ತಿಂಗಳ ಮಾತನ್ನು ನಂಬುತ್ತಿರಲಿಲ್ಲ. ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ: ಹೋದವರ ಹೆಸರಿನ ದೊಡ್ಡ ಮೊತ್ತವನ್ನು ವರ್ಷಾಂತಿಕದವರೆಗೆ ಮುಟ್ಟಬೇಡಿ. ಆ ಒಂದು ವರ್ಷದಲ್ಲಿ ಆಸ್ಪತ್ರೆಯ ಸಾಲ ತೀರಲಿ, ಮನೆಯವರ ಆರೋಗ್ಯ ವಿಮೆ ಸರಿಯಾಗಲಿ, ಆರು ತಿಂಗಳ ಖರ್ಚಿನ ಹಣ ಬೇರೆ ಇರಲಿ.

ಆಯಿಯ ಹೆಸರಿನಲ್ಲಿ ಊರಿನ ಸೊಸೈಟಿಯಲ್ಲಿ 5 ಲಕ್ಷದ ಠೇವಣಿ ಇತ್ತು. ಡೇರಿಗೆ ಹಾಲು ಹಾಕಿ ಕೂಡಿಟ್ಟ ದುಡ್ಡು. ನಾಮಿನಿ ನಾನು. ನಾಮಿನಿ ಅಂದರೆ ವಾರಸುದಾರಳಲ್ಲ, ಹಣ ಪಡೆದು ಹಕ್ಕಿರುವವರಿಗೆ ಮುಟ್ಟಿಸಬೇಕಾದವಳು ಅಷ್ಟೇ. ಉಯಿಲು ಇಲ್ಲದ್ದರಿಂದ ಅಪ್ಪ, ಅಣ್ಣ, ನಾನು ಮೂವರಿಗೂ ಸಮಪಾಲು. ಹಾಗಾಗಿ ದಾನದ ಮಾತಿಗೆ ಮೊದಲು ಮೂವರೂ ಕೂತು ಒಪ್ಪಿಗೆ ಪತ್ರ ಬರೆದು ಸಹಿ ಹಾಕಿದೆವು. ಒಡಹುಟ್ಟಿದವರ ನಡುವೆ ಇದೆಲ್ಲ ಯಾಕೆ ಎಂದು ಅಣ್ಣ ನೊಂದುಕೊಂಡ. ಆ ಕಾಗದ ಇರುವುದರಿಂದಲೇ ಇವತ್ತಿಗೂ ಆ ವಿಷಯದಲ್ಲಿ ನಮ್ಮ ನಡುವೆ ಒಂದು ಮಾತು ಬಂದಿಲ್ಲ.

ಅಣ್ಣನಿಗೆ ಆಸ್ಪತ್ರೆಯ ಒಂದು ಕೋಣೆಗೆ ಆಯಿಯ ಹೆಸರಿಡಿಸುವ ಆಸೆ. ಅಪ್ಪನಿಗೆ ದೇವಸ್ಥಾನದ ಅನ್ನದಾನ. ನನಗೆ ಔಷಧಿಯ ಸಂಶೋಧನೆ. 'ಐದು ಲಕ್ಷದಲ್ಲಿ ಎಂಥ ಸಂಶೋಧನೆ ಮಾಡ್ತಾರೆ?' ಎಂದು ಅಪ್ಪ ಕೇಳಿದರು. ಅದೇ ಪ್ರಶ್ನೆಯನ್ನು ಹೊತ್ತುಕೊಂಡು ನಾನು ಬೆಂಗಳೂರಿನಲ್ಲಿ ಒಬ್ಬ ಕ್ಯಾನ್ಸರ್ ತಜ್ಞರನ್ನು ಕಂಡೆ. ಅವರು ಸುತ್ತಿಬಳಸಲಿಲ್ಲ. ಹೊಸ ಅಣು ಹುಡುಕಲು ಇದು ಯಾವ ಮೂಲೆಗೂ ಸಾಲದು ಅಂದರು. ಆದರೆ ಕಂಪನಿಗಳು ಎಂದೂ ಕೈಹಾಕದ ಸಂಶೋಧನೆ ಇದೆ, ಅಲ್ಲಿ ಇಷ್ಟಕ್ಕೂ ಬೆಲೆಯಿದೆ ಎಂದರು.

ಅವರು ಕೊಟ್ಟ ಉದಾಹರಣೆಗಳೆರಡೂ ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದ್ದು. ಹಲ್ಲು ಕೀಳುವ ಮೊದಲು ಮರಗಟ್ಟಿಸಲು ಕೊಡುವ ಲಿಗ್ನೋಕೇನ್ ನಮಗೆಲ್ಲ ಗೊತ್ತು. ಸ್ತನದ ಗಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆಗೆ ತುಸು ಮುಂಚೆ ಗಡ್ಡೆಯ ಸುತ್ತ ಅದನ್ನು ಚುಚ್ಚಿದರೆ ಏನಾಗುತ್ತದೆ ಎಂದು ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ದೇಶದ 11 ಕೇಂದ್ರಗಳಲ್ಲಿ ಸುಮಾರು 1,600 ಮಹಿಳೆಯರಲ್ಲಿ ಪರೀಕ್ಷಿಸಿದರು. 2022ರಲ್ಲಿ ಫಲಿತಾಂಶ ಹೊರಬಿತ್ತು: ಐದು ವರ್ಷದ ನಂತರ ಬದುಕಿದ್ದವರ ಪ್ರಮಾಣ ನೂರಕ್ಕೆ 86.4ರಿಂದ 90.1ಕ್ಕೆ ಏರಿತ್ತು. ಚುಚ್ಚುಮದ್ದಿನ ಖರ್ಚು ನೂರು ರೂಪಾಯಿಯ ಒಳಗೆ. ಇಂಥದ್ದನ್ನು ಪರೀಕ್ಷಿಸಿ ಯಾವ ಕಂಪನಿಗೆ ಏನು ಸಿಗಬೇಕು? ಇನ್ನೊಂದು, ನಿವೊಲುಮಾಬ್ ಎಂಬ ದುಬಾರಿ ಔಷಧಿಯದು. ರೂಢಿಯ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ. ಮುಂದುವರಿದ ಬಾಯಿ, ಗಂಟಲಿನ ಕ್ಯಾನ್ಸರಿನ ರೋಗಿಗಳಿಗೆ ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು, ಜೊತೆಗೆ ಅಗ್ಗದ ಮಾತ್ರೆಗಳನ್ನು ನುಂಗಿಸಿ ನೋಡಿದರು. ವರ್ಷದ ನಂತರ ಬದುಕಿದ್ದವರು ಮಾತ್ರೆಗಳಷ್ಟೇ ಸಿಕ್ಕವರಲ್ಲಿ ನೂರಕ್ಕೆ 16, ಇದೂ ಸಿಕ್ಕವರಲ್ಲಿ 43. ಔಷಧಿ ಕಡಿಮೆ ಸಾಕು ಎಂದು ಸಾಧಿಸಲು ಮಾರುವವರು ಹಣ ಕೊಡಲಾರರು. ಅದನ್ನು ಸಾಧಿಸಿ ತೋರಿಸಬೇಕಾದವರು ಸರಕಾರ ಮತ್ತು ನಾವು.

'ಇಂಥ ಪ್ರಯೋಗಗಳು ಸೋಲುವುದು ಲ್ಯಾಬಿನಲ್ಲಲ್ಲ' ಎಂದರು ಆ ತಜ್ಞರು. 'ರೋಗಿ ಫಾಲೋಅಪ್‌ಗೆ ವಾಪಸು ಬರುವುದಿಲ್ಲ. ಬಸ್ಸಿಗೆ ದುಡ್ಡಿಲ್ಲ, ಕೂಲಿ ತಪ್ಪುತ್ತದೆ. ಔಷಧಿ ಕೆಲಸ ಮಾಡಿತೋ ಇಲ್ಲವೋ ನಮಗೆ ಗೊತ್ತೇ ಆಗುವುದಿಲ್ಲ.'

ಬಸ್ಸು, ಇಬ್ಬರದು, ಹೋಗಿ ಬಂದು 460. ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಊರಿಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, 'ಕೂಸೆ, ಇದೂ ಅನ್ನದಾನವೇ ಆಯಿತಲ್ಲ' ಅಂದರು. ಅಣ್ಣನೂ ಒಪ್ಪಿದ.

ಈಗ ಲೆಕ್ಕ. 2023ರ ವರ್ಷಾಂತಿಕ ಮುಗಿದ ಮೇಲೆ 1 ಲಕ್ಷವನ್ನು ಒಂದು ಸರಕಾರಿ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧನಾ ನಿಧಿಗೆ ನೇರ ಕೊಟ್ಟೆವು. ಅರ್ಧ ನನ್ನ ಖಾತೆಯಿಂದ, ಅರ್ಧ ಅಣ್ಣನದರಿಂದ. ತೆರಿಗೆ ವಿನಾಯಿತಿ ಸಿಗುವುದು ಯಾರ ಖಾತೆಯಿಂದ ಹೋಯಿತೋ ಅವರಿಗೆ ಮಾತ್ರ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ಗೃಹಸಾಲ ಇರುವುದರಿಂದ ನಾನು ಹಳೆಯದರಲ್ಲೇ ಇದ್ದೆ. ಆಗಿನ ಆದಾಯ ತೆರಿಗೆ ಕಾಯಿದೆಯ 80ಜಿ ಕಲಮಿನ ಅಡಿ ನನ್ನ 50,000ದಲ್ಲಿ ಅರ್ಧ ಆದಾಯದಿಂದ ಕಳೆಯಿತು; ನೂರಕ್ಕೆ ಮೂವತ್ತರ ತೆರಿಗೆ ಹಂತದಲ್ಲಿ ಸೆಸ್ ಸೇರಿ ಉಳಿದದ್ದು 7,800 ರೂಪಾಯಿ. ಸಂಶೋಧನೆಗೆಂದೇ ಪ್ರತ್ಯೇಕ ಮಾನ್ಯತೆ ಪಡೆದ ಸಂಸ್ಥೆಯಾಗಿದ್ದರೆ 80ಜಿಜಿಎ ಅಡಿ ಪೂರ್ತಿ 50,000 ಕಳೆದು ಇದರ ಇಮ್ಮಡಿ ಉಳಿಯುತ್ತಿತ್ತು. ಆದರೆ ಅದು ವ್ಯಾಪಾರ, ವೃತ್ತಿಯ ಆದಾಯ ಇರುವವರಿಗಲ್ಲ. ಎರಡರಲ್ಲೂ 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ವಿನಾಯಿತಿ ಇಲ್ಲ. ರಸೀದಿಯ ಜೊತೆ 10ಬಿಇ ಪ್ರಮಾಣಪತ್ರ ಕೇಳಿ ಪಡೆದೆವು. ಇಷ್ಟು ಹೇಳಿಯೂ ಹೇಳುತ್ತೇನೆ, ತೆರಿಗೆಯ ಲಾಭ ನೋಡಿ ಸಂಸ್ಥೆಯನ್ನು ಆರಿಸಬೇಡಿ. ಸಂಸ್ಥೆಯನ್ನು ಆರಿಸಿದ ಮೇಲೆ ತೆರಿಗೆ ನೋಡಿ.

ಉಳಿದ 4 ಲಕ್ಷದ ಬಗ್ಗೆ ನಾವು ಹೆಚ್ಚು ಯೋಚಿಸಿದೆವು. ನಮ್ಮ ಹಳೆಯ ಶಾಸನಗಳಲ್ಲಿ ನಂದಾದೀವಿಗೆಗೆಂದು ದತ್ತಿ ಬಿಟ್ಟವರಲ್ಲಿ ಹಲವರು ಎಣ್ಣೆಯ ಬದಲು ಭೂಮಿ ಕೊಡುತ್ತಿದ್ದರು. ಪ್ರತಿವರ್ಷ ಬೆಳೆ ಬರುತ್ತದೆ, ದೀಪ ಉರಿಯುತ್ತದೆ. ರೋಗಿಗಳನ್ನು ಐದು ವರ್ಷ ಹಿಂಬಾಲಿಸಬೇಕಾದ ಕೆಲಸಕ್ಕೂ ಒಮ್ಮೆ ಬರುವ ದೊಡ್ಡ ಹಣಕ್ಕಿಂತ ವರ್ಷವರ್ಷ ತಪ್ಪದೆ ಬರುವ ಸಣ್ಣ ಹಣ ಮೇಲು. ಹಾಗೆಂದು 4 ಲಕ್ಷವನ್ನು ಅಪ್ಪನ ಹೆಸರಿನಲ್ಲಿ ನೂರಕ್ಕೆ ಏಳರ ಬಡ್ಡಿಗೆ ಇಟ್ಟೆವು. ವರ್ಷಕ್ಕೆ 28,000. ಅಪ್ಪನಿಗೆ ಇರುವುದು ಅಡಿಕೆ ತೋಟದ ಆದಾಯ, ಅದಕ್ಕೆ ತೆರಿಗೆಯಿಲ್ಲ. ಈ ಬಡ್ಡಿಯೂ ತೆರಿಗೆಯ ಮಿತಿಗಿಂತ ಬಹಳ ಕೆಳಗೆ.  ನನ್ನ ಹೆಸರಿನಲ್ಲಿ ಇಟ್ಟಿದ್ದರೆ ಪ್ರತಿವರ್ಷ 8,736 ರೂಪಾಯಿ ತೆರಿಗೆಗೆ ಹೋಗುತ್ತಿತ್ತು, 80ಜಿಯಿಂದ ಅದರಲ್ಲಿ ಅರ್ಧವಷ್ಟೇ ವಾಪಸು.

ಅಪ್ಪನ ನಂತರವೂ ನಿಲ್ಲಬಾರದಲ್ಲ. ಅವರು ಉಯಿಲು ಬರೆದಿದ್ದಾರೆ, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ. 'ಕ್ಯಾನ್ಸರ್ ಆಸ್ಪತ್ರೆಗೆ' ಎಂದಷ್ಟೇ ಬರೆಯದೆ ಸಂಸ್ಥೆಯ ನೋಂದಾಯಿತ ಹೆಸರು, ಪ್ಯಾನ್ ಸಂಖ್ಯೆ ಹಾಕಿಸಿದೆ. 'ಕರುಳಿನ ಕ್ಯಾನ್ಸರಿಗೆ ಮಾತ್ರ' ಎಂದು ಬರೆಸುವ ಮನಸ್ಸಿತ್ತು ನನಗೆ. ಷರತ್ತು ಬಿಗಿಯಾದರೆ ಹಣ ಬಳಕೆಯಾಗದೆ ಕೊಳೆಯುತ್ತದೆ ಎಂದು ತಜ್ಞರು ತಡೆದರು. ಈಗ ಇರುವುದು 'ಔಷಧ ಪ್ರಯೋಗಗಳಲ್ಲಿರುವ ರೋಗಿಗಳ ಪ್ರಯಾಣ ಮತ್ತು ಫಾಲೋಅಪ್ ಖರ್ಚಿಗೆ' ಎಂಬ ಒಂದು ಸಾಲು.

ಕೊಡುವವರು ಮೊದಲು ಒಂದು ಕೆಲಸ ಮಾಡಿ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಸಿ.ಟಿ.ಆರ್.ಐ. ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಯಾರು ನಡೆಸುತ್ತಿದ್ದಾರೆ, ಹಣ ಯಾರದು, ಎಷ್ಟು ರೋಗಿಗಳು, ಎಲ್ಲವೂ ಅಲ್ಲಿರುತ್ತದೆ. ಔಷಧಿ ಪ್ರಯೋಗದಲ್ಲಿದೆ ಎಂದು ಹಣ ಕೇಳುವವರನ್ನು ನೋಂದಣಿ ಸಂಖ್ಯೆ ಕೇಳಿ. ನಾನು ಕೇಳಿದ್ದರೆ ಆ 20,000 ಉಳಿಯುತ್ತಿತ್ತು.

ಕಳೆದ ನವೆಂಬರಿನಲ್ಲಿ ತಿಥಿಗೆ ಊರಿಗೆ ಹೋಗಿದ್ದೆ. ಅಪ್ಪ ಆಯಿಯ ಲೆಕ್ಕದ ಪುಸ್ತಕ ತೆಗೆದು ಕೂತಿದ್ದರು. ಅವಳು ಎಳೆದ ಗೆರೆಯ ಕೆಳಗೆ ಅವರ ಅಕ್ಷರದ ಸಾಲುಗಳಿದ್ದವು. ರಸೀದಿ ನೋಡಿ, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಾಲು ಬರೆದರು: 'ಬಸ್ಸು, 28,000.'